ಕಾಟಾದ ಪೂಜಿ ಆತೇನ್ರೀ

ಅಕ್ಕಿಆಲೂರು
12 ಅಕ್ಟೋಬರ್ 2025

ಇಜಾಜಣ್ಣನವರಿಗೆ,

ನಾವು ಇಲ್ಲಿ ಕ್ಷೇಮ ಎಂದು ಮೊದಲು ಬರೆಯಬೇಕು, ಬರೆದಿದ್ದೇನೆ ಎಂದೇ ತಿಳಿಯಿರಿ. ನಾನು ವಾಣಿಶ್ರೀ, ಬಸವೇಶನ ತಂಗಿ. ಸವಣೂರಿನ ಕಂಪ್ಯೂಟರ್ ಕ್ಲಾಸಿನಲ್ಲಿ ನೀವೂ ಅಣ್ಣನೂ ಕಲಿಸುತ್ತಿದ್ದಾಗ ಹಿಂದಿನ ಬೆಂಚಿನಲ್ಲಿ ಕೂತು ಕೀಬೋರ್ಡಿನ ಧೂಳು ಒರೆಸುತ್ತಿದ್ದೆನಲ್ಲ, ಅವಳೇ. ಪಿಯುಸಿ ಅರ್ಧಕ್ಕೆ ಬಿಟ್ಟವಳು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನಗೆ ಗಾಬರಿಯಾಗಿ ಮಾತು ತಡವರಿಸುತ್ತದೆ, ಕೇಳಬೇಕಾದದ್ದು ಬಿಟ್ಟು ಬೇರೇನೋ ಕೇಳಿ ಇಟ್ಟುಬಿಡುತ್ತೇನೆ. ನಿಮಗೆ ಕಣ್ಣಿನ ಆಪರೇಶನ್ ಆಗಿದೆ, ಮೊಬೈಲು ನೋಡುವ ಹಾಗಿಲ್ಲ ಎಂದೂ ನಿಮ್ಮ ಕಡೆಯಿಂದ ಬಂದವರೊಬ್ಬರು ಹೇಳಿದರು. ಅದಕ್ಕೇ ಪತ್ರ. ಅಕ್ಷರ ಕೆಟ್ಟಿವೆ, ಬೈಯಬೇಡಿ.

ವಿಷಯ ಇಷ್ಟು. ಅಣ್ಣ ತೀರಿಕೊಂಡ ಮೇಲೆ ಪರಮೇಶಪ್ಪ ಸಾಹುಕಾರರ ಅಕ್ಕಿ ಗಿರಣಿಯಲ್ಲಿ, ಲಾರಿ ತೂಗುವ ಕಾಟಾದ ಹತ್ತಿರ ನಾನೇ ಕೂರುತ್ತೇನೆ. ತೂಕ ತೋರಿಸಿ ಚೀಟಿ ಮುದ್ರಿಸುವ ಪ್ರೋಗ್ರಾಮು ಅಣ್ಣ ಬರೆದದ್ದು, ನಿಮಗೆ ಗೊತ್ತೇ ಇದೆ, ವಿಬಿ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ. ಈಗ ಆ ಕಂಪ್ಯೂಟರಿಗೆ ಮುಪ್ಪು ಬಂದಿದೆ. ಸಾಹುಕಾರರು ಹೊಸದು ತಂದು ಮೂಲೆಯಲ್ಲಿ ಇಟ್ಟಿದ್ದಾರೆ, ಅದರ ಪ್ಲಾಸ್ಟಿಕ್ಕೂ ಪೂರ್ತಿ ತೆಗೆದಿಲ್ಲ. ಹಳೆಯ ಪ್ರೋಗ್ರಾಮನ್ನು ಅದಕ್ಕೆ ಹಾಕಿ ನೋಡಿದೆ. ತೆರೆಯುತ್ತದೆ, ಆದರೆ ಕಾಟಾದ ತೂಕ ತೋರಿಸುವ ಪೆಟ್ಟಿಗೆಯ ಜೊತೆ ಮಾತಾಡುವುದಿಲ್ಲ. ತಿದ್ದೋಣವೆಂದರೆ ಅಣ್ಣ ಬರೆದ ಮೂಲ ಸಾಲುಗಳು ಅವನ ಲ್ಯಾಪ್‌ಟಾಪಿನಲ್ಲಿದ್ದವು. ಅದು ತಡಸದ ಹತ್ತಿರ ರಸ್ತೆಯ ಮೇಲೆ ಅವನ ಜೊತೆಗೇ ಹೋಯಿತು. ಹೊಸದಾಗಿ ಬರೆಯಲೇಬೇಕು. ಭತ್ತದ ಲಾರಿಗಳು ಬರುವುದರೊಳಗೆ ಆಗಬೇಕೆಂದು ಸಾಹುಕಾರರ ಹುಕುಂ. "ನಿನ್ನ ಕೈಲೆ ಆಗತೈತೋ, ಇಲ್ಲಾ ಹುಬ್ಬಳ್ಳಿಯಿಂದ ಯಾರನ್ನರ ಕರಸ್ಲೋ" ಎಂದಿದ್ದಾರೆ. ಹುಬ್ಬಳ್ಳಿಯವರು ಬಂದರೆ ಹಳೆಯದನ್ನು ಗುಜರಿಗೆ ಹಾಕಿಸುತ್ತಾರೆ.

ಯಾವ ಭಾಷೆಯಲ್ಲಿ ಬರೆಯಲಿ? ಪೈಥಾನ್ ಸುಲಭ ಅನ್ನುತ್ತಾರೆ. ಸುಲಭವಾಗಿದ್ದದ್ದು ಗಟ್ಟಿ ಇರುತ್ತದೋ ಇಲ್ಲವೋ ಎಂದು ನನ್ನ ಹೆದರಿಕೆ. ಸಿ ಶಾರ್ಪ್ ನೋಡಲು ವಿಬಿಯ ತಮ್ಮನ ಹಾಗಿದೆ, ಆದರೆ ಅದನ್ನು ಕಾಲೇಜು ಓದಿದವರು ಬರೆಯುವುದೇನೋ. ಜಾವಾ ಎರಡು ಸಲ ಕಲಿಯಲು ಹೋಗಿ ಎರಡೂ ಸಲ ಬಿಟ್ಟಿದ್ದೇನೆ. ಬ್ರೌಸರನ್ನೇ ಒಳಗೆ ಕೂರಿಸಿ ಪ್ರೋಗ್ರಾಮಿನ ಕಿಟಕಿ ಮಾಡುವುದೂ ಇದೆಯಂತೆ. ಒಂದು ಚೀಟಿ ಮುದ್ರಿಸಲು ಮದುವೆ ಮನೆಯ ಪಾತ್ರೆಯನ್ನೆಲ್ಲ ತಂದು ಇಳಿಸಿದ ಹಾಗೆ ಆಗುತ್ತದೆ. ಸಂಜೆ ಒಂದನ್ನು ಗಟ್ಟಿ ಮಾಡಿಕೊಳ್ಳುತ್ತೇನೆ, ಬೆಳಗ್ಗೆ ಎದ್ದರೆ ಅದೇ ತಪ್ಪು ಅನಿಸುತ್ತದೆ.

ಇನ್ನೊಂದು. ಅಮಾವಾಸ್ಯೆಯ ದಿನ ಆ ಪ್ರೋಗ್ರಾಮು ತೆರೆದರೆ ಅಣ್ಣನ ಧ್ವನಿ ಬರುತ್ತದೆ, ನೆನಪಿದೆಯಲ್ಲ? ಪೂಜೆ ಮರೆತು ಲಾರಿ ಹತ್ತಿಸಬಾರದು ಎಂದು ಸಾಹುಕಾರರು ಹಟ ಹಿಡಿದಿದ್ದಕ್ಕೆ ಅವನು ತಮಾಷೆಗೆ ಹಾಕಿದ್ದು. "ಏನ್ರೀ, ಕಾಟಾದ ಪೂಜಿ ಆತೇನ್ರೀ?" ಎಂದು ಕೇಳುತ್ತದೆ. 'ಆತು' ಎಂಬ ಗುಂಡಿ ಒತ್ತುವ ತನಕ ಮುಂದೆ ಹೋಗುವುದಿಲ್ಲ. ಅಮಾವಾಸ್ಯೆಗಳ ತಾರೀಖನ್ನು ಅವನೇ ಮುಂದಾಗಿ ತುಂಬಿಟ್ಟಿದ್ದ. ಈ ದೀಪಾವಳಿ ತನಕ ಮಾತ್ರ ಇವೆ. "ಆಮ್ಯಾಲಿಂದು ಆಮ್ಯಾಲೆ ನೋಡೂಣು" ಎಂದಿದ್ದ. ಆ ಧ್ವನಿಯನ್ನು ಹೊಸದಕ್ಕೆ ತರಲು ಯಾವ ಭಾಷೆ ಬೇಕಾಗುತ್ತದೆ? ಹಾಗೆಯೇ, ನಾವು ಹೇಳಿದಾಗ ಮಾತ್ರ ಬಾಯಿ ತೆರೆಯುವಂಥ ಭಾಷೆ ಯಾವುದು?

ಈ ಕೊನೆಯ ಪ್ರಶ್ನೆ ಬಿಟ್ಟುಬಿಡಿ.

ನಿಮ್ಮ ತಂಗಿ
ವಾಣಿಶ್ರೀ


ಹಿರೇಕೆರೂರು
24 ಅಕ್ಟೋಬರ್ 2025

ತಂಗಿ ವಾಣಿ,

ಪರೀಕ್ಷೆಗೆ ಕೂತವಳ ಹಾಗೆ ಬರೆದಿದ್ದೀಯಲ್ಲ ಮಾರಾಯ್ತಿ. ನನ್ನ ಅಕ್ಷರ ಇಷ್ಟು ದೊಡ್ಡದಾಗಿದೆ ಎಂದು ನಗಬೇಡ. ಕಣ್ಣಿನ ಒಳಪರದೆ ಹರಿದಿತ್ತು, ಕೂಡಿಸಿದ್ದಾರೆ. ಇನ್ನು ಸ್ವಲ್ಪ ದಿನ, ಎಲ್ಲ ಮೊದಲಿನ ಹಾಗೆ ಆಗುತ್ತದೆ.

ಪೈಥಾನ್ ಹಿಡಿ. ನಿನ್ನದು ಒಂದು ಕಂಪ್ಯೂಟರು, ಒಂದು ತೂಕದ ಪೆಟ್ಟಿಗೆ, ಒಂದು ಪ್ರಿಂಟರು. ಪೆಟ್ಟಿಗೆಯ ಮಾತು ಕೇಳಿಸಿಕೊಳ್ಳುವುದು ಅದರಲ್ಲಿ ಸಲೀಸು. ಸಿ ಶಾರ್ಪೂ ಒಳ್ಳೆಯದೇ. ವಿಂಡೋಸ್ ಬಿಟ್ಟು ಎಲ್ಲೂ ಹೋಗದ ಪ್ರೋಗ್ರಾಮಿಗೆ ಅದರ ಕಿಟಕಿ ಇನ್ನೂ ಗಟ್ಟಿ. ಕಾಲೇಜಿನವರು ಎಂದೆಯಲ್ಲ, ನಾನೂ ಬಸ್ಯಾನೂ ಯಾವ ಕಾಲೇಜಿನವರು? ಆದರೆ ನಿನ್ನಂಥ ಪುಕ್ಕಲಿಗೆ ತಪ್ಪನ್ನು ಅಲ್ಲೇ ತೋರಿಸಿ ಅಲ್ಲೇ ತಿದ್ದಲು ಬಿಡುವ ಭಾಷೆ ಬೇಕು. ಜಾವಾ ಬಿಡು, ಮೂರನೇ ಸಲ ಬಿಡುವುದು ಬೇಡ. ಬಸ್ಯಾ ಏನನ್ನುತ್ತಿದ್ದ ಗೊತ್ತಲ್ಲ? "ಭಾಷೆ ಯಾವುದರ ಇರಲೇಳೋ, ಹೊರಗ ಲಾರಿ ನಿಂತಿರಬಾರದು."

ಧ್ವನಿಯ ಚಿಂತೆ ಬೇಡ. ಭಾಷೆಗೆ ಬಾಯಿ ಇಲ್ಲ. ಅದು ಒಂದು ಧ್ವನಿಯ ಫೈಲು, ಪ್ರೋಗ್ರಾಮಿನ ಫೋಲ್ಡರಿನಲ್ಲೇ ಬಿದ್ದಿರುತ್ತದೆ. ಎತ್ತಿಕೊಂಡು ಯಾವ ಭಾಷೆಯ ಮನೆಗೆ ಬೇಕಾದರೂ ಹೋಗು.

ಬಿಟ್ಟುಬಿಡಿ ಎಂದೆಯಲ್ಲ, ಆ ಪ್ರಶ್ನೆಯನ್ನೇ ಎರಡು ಸಲ ಓದಿಸಿಕೊಂಡೆ. ಏನು ಸಮಾಚಾರ?

ಇಜಾಜ


ಅಕ್ಕಿಆಲೂರು
9 ನವೆಂಬರ್ 2025

ಇಜಾಜಣ್ಣನವರಿಗೆ,

ಪೈಥಾನ್ ಶುರು ಮಾಡಿದ್ದೇನೆ. ತೂಕ ಬರುತ್ತಿದೆ. ಆದರೂ ಜಾವಾ ಮಾಡಬೇಕಿತ್ತೇನೋ ಎಂದು ಒಳಗೊಳಗೇ ಕೊರೆಯುತ್ತದೆ. ಬೈಯಬೇಡಿ. ನಾನು ಬರೆಯಬೇಕೆಂದಿರುವುದು ಅದಲ್ಲ.

ಏನು ಸಮಾಚಾರ ಎಂದು ಕೇಳಿದಿರಲ್ಲ, ಹೋದ ಪತ್ರದಲ್ಲಿ ಒಂದು ಬರೆಯಲಿಲ್ಲ. ಪ್ರತಿ ಅಮಾವಾಸ್ಯೆಗೂ ನಮ್ಮ ಅವ್ವ ಸುಶೀಲವ್ವ ಮನೆಯಿಂದ ಕಾಯಿ ಹಿಡಿದು ಕಾಟಾದ ಕೋಣೆಗೆ ಬರುತ್ತಾಳೆ. ಪೂಜೆಗೆ ಎಂದು ಹೇಳುತ್ತಾಳೆ. ಪೂಜೆ ಸಾಹುಕಾರರ ಆಳು ಮಾಡುತ್ತಾನೆ. ಅವ್ವ ಬರುವುದು ಕೇಳಲು. ಸ್ಪೀಕರಿನ ಪಕ್ಕ ನಿಲ್ಲುತ್ತಾಳೆ, ಅಣ್ಣ ಕೇಳುತ್ತಾನೆ, ಅವ್ವ "ಆತಪ್ಪ" ಅನ್ನುತ್ತಾಳೆ. ಆಮೇಲೆ ನಾನು ಗುಂಡಿ ಒತ್ತಬೇಕು.

ದೀಪಾವಳಿ ಅಮಾವಾಸ್ಯೆಯೇ ಕೊನೆಯದು ಎಂದು ಅವ್ವನಿಗೆ ಹೇಳಿದ್ದೆ. ಆ ದಿನ ಗುಂಡಿ ಒತ್ತಲು ಬಿಡಲಿಲ್ಲ. "ತಡಿಯವಾ, ಅಂವ ಕೇಳಿದ್ದು ಹಂಗ ಇರಲಿ ಸ್ವಲ್ಪೊತ್ತು" ಎಂದಳು. ಹೊರಗೆ ಲಾರಿಗಳು ಹಾರ್ನ್ ಹೊಡೆದವು. ನಾನೇ ಅವಳ ಕೈ ಸರಿಸಿ ಒತ್ತಿದೆ. ಮುಗಿಯಿತು ಅಂದುಕೊಂಡೆ.

ಪಾಡ್ಯದ ದಿನ ಗಿರಣಿಗೆ ರಜೆ, ಮೇನ್ ಸ್ವಿಚ್ಚು ತೆಗೆದು ಹೋಗಿದ್ದೆವು. ಮಾರನೆಯ ಬೆಳಗ್ಗೆ ಕಂಪ್ಯೂಟರ್ ಹಚ್ಚಿದೆ. ಕರಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು, ಎಫ್ ಒಂದು ಒತ್ತಿ ಎಂದಿತ್ತು, ಒತ್ತಿದೆ. ಪ್ರೋಗ್ರಾಮು ತೆರೆದೆ. "ಏನ್ರೀ, ಕಾಟಾದ ಪೂಜಿ ಆತೇನ್ರೀ?"

ಅಂದು ಅಮಾವಾಸ್ಯೆ ಅಲ್ಲ. ಅಣ್ಣ ತುಂಬಿದ ತಾರೀಖುಗಳೂ ಮುಗಿದಿವೆ. ಮಾರನೆಯ ದಿನವೂ ಕೇಳಿದ. ಅದರ ಮಾರನೆಯ ದಿನವೂ. ವೈರಿನಲ್ಲಿ ಕಿಡಿ ಹಾರುತ್ತದೆಂದು ಈಗ ದಿನವೂ ಸಂಜೆ ಮೇನ್ ಸ್ವಿಚ್ಚು ತೆಗೆಸುತ್ತಾರೆ. ಬೆಳಗ್ಗೆ ಹಚ್ಚಿದ ಕೂಡಲೇ ಅವನೇ. ಚೀಟಿಯ ಮೇಲೆ ತಾರೀಖು ಸರಿಯಾಗಿಯೇ ಬರುತ್ತಿದೆ, ಅದು ತೂಕದ ಪೆಟ್ಟಿಗೆಯಿಂದ ಬರುವುದು. ಪ್ರೋಗ್ರಾಮು ಪರದೆ ತುಂಬ ಕೂರುತ್ತದೆ, ಬೇರೆ ಏನೂ ಕಾಣುವುದಿಲ್ಲ. ನಾನು ಏನೂ ಮುಟ್ಟಿಲ್ಲ, ದೇವರಾಣೆ.

ಗಿರಣಿಯಲ್ಲಿ ಸುದ್ದಿಯಾಗಿದೆ. ಕಾಯಿ ಒಡೆಯದೆ ಯಾವ ಡ್ರೈವರನೂ ಕಾಟಾ ಹತ್ತುತ್ತಿಲ್ಲ. ಭತ್ತದ ಕಾಲ, ಲಾರಿಗಳ ಸಾಲು ರಸ್ತೆಗೆ ಮುಟ್ಟುತ್ತದೆ. ಡ್ರೈವರ್ ಬಂದೇಸಾಬ ಒಬ್ಬನೇ ನಗುವವನು. "ಇದ್ದಾಗ ತಿಂಗಳಿಗೊಮ್ಮೆ ಕೇಳ್ತಿದ್ದ, ಈಗ ದಿನಾ ಕೇಳಾಕತ್ತಾನ. ಅಲ್ಲಿ ಕೆಲಸ ಕಡಿಮಿ ಇರಬೇಕ ಬಿಡವಾ" ಎಂದ. ಹಾಗೆಂದವನು ತಾನೂ ಚಪ್ಪಲಿ ಬಿಟ್ಟು ನಿಂತಿದ್ದ. ಅವ್ವ ದಿನವೂ ಬರುತ್ತಾಳೆ. ಇಳಕಲ್ ಸೀರೆ ಉಟ್ಟುಕೊಂಡು ಬರುತ್ತಾಳೆ. ಮಗನಿಗೆ ಏನೋ ಬಾಕಿ ಉಳಿದಿದೆ, ನಾವು ತಿಳಿಯುತ್ತಿಲ್ಲ ಅನ್ನುತ್ತಾಳೆ.

ಬೇರೆ ಭಾಷೆಯಲ್ಲಿ ಬರೆದರೆ ಅವನು ಅಲ್ಲಿಗೂ ಬರುತ್ತಾನೆಯೇ? ನನಗೆ ಬಂದರೂ ಹೆದರಿಕೆ, ಬಾರದಿದ್ದರೂ ಹೆದರಿಕೆ.

ವಾಣಿಶ್ರೀ


ಹಿರೇಕೆರೂರು
18 ನವೆಂಬರ್ 2025

ವಾಣಿ,

ಹೆದರಬೇಡ. ಪ್ರೋಗ್ರಾಮು ಮುಚ್ಚಿ ಪರದೆಯ ಕೆಳಮೂಲೆ ನೋಡು. ಒಂದು ಜನವರಿ 2014 ಎಂದಿರುತ್ತದೆ.

ಒಳಗೆ ಗಡಿಯಾರ ಇದೆ, ಅದರ ಸೆಲ್ಲು ಸತ್ತಿದೆ. ಕರೆಂಟು ತೆಗೆದ ಕೂಡಲೇ ಅದು ತಾನು ಹುಟ್ಟಿದ ವರ್ಷದ ಮೊದಲ ದಿನಕ್ಕೆ ಹೋಗಿ ನಿಲ್ಲುತ್ತದೆ. ಆ ದಿನ ಅಮಾವಾಸ್ಯೆ. ಬಸ್ಯಾ ತುಂಬಿದ ಮೊದಲ ಅಮಾವಾಸ್ಯೆ. ತುಂಬುವಾಗ ನಾನು ಪಕ್ಕದಲ್ಲಿದ್ದೆ.

ಹಾನಗಲ್ಲಿನ ಗಡಿಯಾರದ ಅಂಗಡಿಯಲ್ಲಿ ಗುಂಡನೆಯ ಸೆಲ್ಲು ಸಿಗುತ್ತದೆ. ತಂದು ಹಾಕು, ಅವನು ಕೇಳುವುದು ನಿಲ್ಲುತ್ತದೆ. ಬರೆ.

ಇಜಾಜ


ಅಕ್ಕಿಆಲೂರು
2 ಡಿಸೆಂಬರ್ 2025

ಇಜಾಜಣ್ಣನವರಿಗೆ,

ನಿಮಗೆ ಸಿಟ್ಟು ಬಂದಿದೆ ಎಂದು ತಿಳಿಯಿತು. ಹೋದ ಪತ್ರದಲ್ಲಿ ಒಂದು ಪುಟಕ್ಕೆ ಐದಾರು ಸಾಲು, ಒಂದೊಂದು ಅಕ್ಷರ ಹೆಬ್ಬೆರಳಿನಷ್ಟು. ಬಾಲವಾಡಿಯ ಮಕ್ಕಳಿಗೆ ಬರೆದ ಹಾಗೆ. ತಪ್ಪು ನನ್ನದೇ. ಕೆಳಮೂಲೆ ನೋಡುವಷ್ಟು ಬುದ್ಧಿ ಇಲ್ಲದೆ ದೆವ್ವದ ಕಥೆ ಬರೆದು ಕಳಿಸಿದೆ. ನೀವು ಹೇಳಿದ್ದೇ ಸರಿ. ಅದೇ ತಾರೀಖು ಇತ್ತು.

ನೀವು ಹೇಳಿದ ಸಾಮಾನು ಹಾನಗಲ್ಲಿನಲ್ಲಿ ಸಿಕ್ಕಿತು.

ಪೈಥಾನಿನ ಪ್ರೋಗ್ರಾಮು ಮುಗಿದಿದೆ. ಪೆನ್ ಡ್ರೈವನ್ನು ಅರಳೆಯಲ್ಲಿ ಸುತ್ತಿ ಇದರ ಜೊತೆ ಇಟ್ಟಿದ್ದೇನೆ. ಇಷ್ಟು ಹೊತ್ತಿಗೆ ನಿಮ್ಮ ಕಣ್ಣು ವಾಸಿಯಾಗಿರಬೇಕು. ದಯವಿಟ್ಟು ತೆರೆದು ನೋಡಿ. ಗುಂಡಿಗಳು ಎಡಕ್ಕೆ ಇರಲೋ ಬಲಕ್ಕೋ, ಬಣ್ಣ ಹಸಿರು ಇದ್ದರೆ ಅಗ್ಗವಾಗಿ ಕಾಣುತ್ತದೋ ಏನೋ. ನೀವು ಸೈ ಅಂದ ಮೇಲೆಯೇ ಹೊಸ ಕಂಪ್ಯೂಟರಿಗೆ ಹಾಕುತ್ತೇನೆ. ಸಾಹುಕಾರರು ದಿನಾ ಕೇಳುತ್ತಾರೆ, ನಾನು ಹಿರೇಕೆರೂರಿನಿಂದ ಪತ್ರ ಬರಬೇಕು ಅನ್ನುತ್ತೇನೆ.

ಅವ್ವ ಆರಾಮ ಇದ್ದಾಳೆ. ದಿನಾ ಗಿರಣಿಗೆ ನಡೆದು ಬರುವುದರಿಂದ ಮೊಣಕಾಲು ಸಡಿಲಾಗಿದೆ ಅನ್ನುತ್ತಾಳೆ.

ವಾಣಿಶ್ರೀ


ಹಿರೇಕೆರೂರು
14 ಡಿಸೆಂಬರ್ 2025

ತಂಗಿ ವಾಣಿಶ್ರೀಗೆ,

ನಾನು ಫರ್ಜಾನಾ, ಇಜಾಜರ ಹೆಂಡತಿ. ನಿನ್ನ ಮದುವೆ ಮಾತುಕತೆಯ ಕಾಲಕ್ಕೆ ಒಮ್ಮೆ ನಿಮ್ಮ ಮನೆಯಲ್ಲಿ ಉಂಡಿದ್ದೇನೆ. ಆ ಮದುವೆ ಆಗಲಿಲ್ಲ, ಊಟ ನೆನಪಿದೆ.

ಇದನ್ನು ಅವರಿಗೆ ಹೇಳದೆ ಬರೆಯುತ್ತಿದ್ದೇನೆ. ಅವರಿಗೆ ಸಿಟ್ಟು ಇಲ್ಲ. ಅವರಿಗೆ ಕಣ್ಣು ಇಲ್ಲ. ಎಡಗಣ್ಣು ಮೊದಲೇ ಹೋಗಿತ್ತು, ಬಲಗಣ್ಣು ಆಪರೇಶನ್ ಆದ ಮೇಲೂ ಉಳಿಯಲಿಲ್ಲ. ನಿನ್ನ ಮೊದಲ ಪತ್ರ ಬಂದಾಗಲೇ ನಾನು ಓದಿ ಹೇಳಿದೆ. ಉತ್ತರ ಮಾತ್ರ ತಾವೇ ಬರೆಯುತ್ತೇನೆಂದು ಹಟ. ಗೆರೆ ತಪ್ಪದಿರಲಿ ಎಂದು ನಾನು ಹಾಳೆಯ ಮೇಲೆ ಫೂಟ್‌ಪಟ್ಟಿ ಒತ್ತಿ ಹಿಡಿಯುತ್ತೇನೆ, ಅವರು ಅದರ ಅಂಚು ಮುಟ್ಟಿ ಮುಟ್ಟಿ ಬರೆಯುತ್ತಾರೆ. ಒಂದು ಪುಟಕ್ಕೆ ಐದಾರು ಸಾಲು ಬರುವುದು ಅದಕ್ಕೆ.

ಈಗ ಪರದೆಯ ಮೇಲೆ ಇರುವುದನ್ನು ಓದಿ ಹೇಳುವ ಒಂದು ಪ್ರೋಗ್ರಾಮು ಹಾಕಿಸಿಕೊಂಡಿದ್ದಾರೆ. ತಗಡಿನ ಡಬ್ಬಿಯೊಳಗಿಂದ ಮಾತಾಡಿದ ಹಾಗೆ ಕನ್ನಡ ಹೇಳುತ್ತದೆ. ಅದನ್ನು ನಂಬಿ ಮತ್ತೆ ಕೀಬೋರ್ಡ್ ಮುಂದೆ ಕೂತರು. ನಿನ್ನ ಪೆನ್ ಡ್ರೈವ್ ಬಂದಾಗ ಗಡ್ಡ ಮಾಡಿಕೊಂಡು ಕೂತರು. ನಾನು ತೆರೆದು ಕೊಟ್ಟೆ. ಓದುವ ಪ್ರೋಗ್ರಾಮು ಕಿಟಕಿಯ ಮೇಲಿನ ಹೆಸರು ಒಂದನ್ನು ಹೇಳಿತು, ಆಮೇಲೆ ಏನೂ ಇಲ್ಲ. ಕೀಲಿ ಒತ್ತಿದರು, ಇನ್ನೊಂದು ಒತ್ತಿದರು. ನನ್ನ ಕಣ್ಣಿಗೆ ಗುಂಡಿಗಳು ಕಾಣುತ್ತಿವೆ, ಅವರ ಕಿವಿಗೆ ಒಂದೂ ಬೀಳುತ್ತಿಲ್ಲ. ಕಡೆಗೆ ನಕ್ಕರು.

"ಬಸ್ಯಾನ ಪ್ರೋಗ್ರಾಮ ಕೇಳದಿದ್ರೂ ಮಾತಾಡತೈತಿ. ಇಕಿದು ಕೇಳಿದ್ರೂ ಮಾತಾಡವಲ್ದು."

ತಪ್ಪು ನಿನ್ನದಲ್ಲ ಎಂದೂ ಅಂದರು. ಪೈಥಾನಿನಲ್ಲಿ ಕಿಟಕಿ ಬರೆಯಲು ನೀನು ಬಳಸಿದ ಸಾಮಾನು ಗುಂಡಿಗಳ ಚಿತ್ರ ಬಿಡಿಸುತ್ತದಂತೆ, ಅವುಗಳ ಹೆಸರನ್ನು ಓದುವ ಪ್ರೋಗ್ರಾಮಿಗೆ ಕೊಡುವುದಿಲ್ಲವಂತೆ. ತಮಗೆ ಕಣ್ಣಿದ್ದಾಗ ಅದು ಗೊತ್ತೇ ಆಗಿರಲಿಲ್ಲ ಎಂದರು. ನಿನಗೆ ಮಾತ್ರ ಸೈ ಎಂದು ಬರೆದುಬಿಡು ಎಂದರು. ನಾನು ಬರೆಯಲಿಲ್ಲ.

ಇನ್ನೊಂದು ಮಾತು. ಹಾನಗಲ್ಲಿನಲ್ಲಿ ಸಾಮಾನು ಸಿಕ್ಕಿತು ಎಂದು ಬರೆದೆ, ಹಾಕಿದೆ ಎಂದು ಬರೆಯಲಿಲ್ಲ. ಆ ಸಾಲನ್ನು ಅವರು ನನ್ನಿಂದ ಮತ್ತೆ ಓದಿಸಿದರು. ನಾನು ನಿನ್ನನ್ನು ಯಾವ ಬಾಯಿಂದ ಬೈಯಲಿ? ನಮ್ಮ ಮನೆಯಲ್ಲೂ ಹೊತ್ತು ಮುಳುಗಿದ ಕೂಡಲೇ ಅವರ ಕೋಣೆಯ ದೀಪ ಹಚ್ಚುತ್ತೇನೆ. ಸ್ವಿಚ್ಚಿನ ಸಪ್ಪಳಕ್ಕೆ ಅವರು ಮುಖ ಮೇಲೆತ್ತುತ್ತಾರೆ. ಯಾಕೆ ಹಚ್ಚಿದೆ ಎಂದು ಅವರೂ ಕೇಳುವುದಿಲ್ಲ, ನಾನೂ ಬಿಡುವುದಿಲ್ಲ.

ಫರ್ಜಾನಾ


ಅಕ್ಕಿಆಲೂರು
4 ಜನವರಿ 2026

ಇಜಾಜಣ್ಣನವರಿಗೆ, ಫರ್ಜಾನಾ ಭಾಬಿಯವರಿಗೆ,

ಭಾಬಿ, ನೀವು ಬರೆದದ್ದನ್ನು ಅಣ್ಣನವರಿಂದ ಮುಚ್ಚಿಡಲು ನನ್ನಿಂದ ಆಗುವುದಿಲ್ಲ. ಇದನ್ನು ಓದಿ ಹೇಳುವವರೂ ನೀವೇ ಆದ್ದರಿಂದ ನೀವೇ ಸಂಭಾಳಿಸಿ.

ನಿಮ್ಮ ಪತ್ರ ಬಂದ ಮೇಲೆ ನಾನೂ ಆ ಓದುವ ಪ್ರೋಗ್ರಾಮು ಇಳಿಸಿಕೊಂಡೆ. ಹೊಸ ಕಂಪ್ಯೂಟರಿನ ಪರದೆಗೆ ಟವೆಲ್ಲು ಹೊದಿಸಿದೆ, ನನ್ನದನ್ನು ತೆರೆದೆ. ಭಾಬಿ ಹೇಳಿದ ಹಾಗೆಯೇ. ಬಾಗಿಲೇ ಇಲ್ಲದ ಮನೆಯ ಗೋಡೆ ತಡವಿದ ಹಾಗಾಯಿತು. ಅಷ್ಟು ದಿನ ಹಸಿರು ಅಗ್ಗವೋ ಎಂದು ಯೋಚಿಸಿದ್ದೆನಲ್ಲ. ಅಲ್ಲಿಗೆ ಭಾಷೆಯ ಚಿಂತೆ ಮುಗಿಯಿತು. ಸುಲಭ ಯಾವುದು, ಗಟ್ಟಿ ಯಾವುದು ಎಂದು ನಾನು ಕೇಳುತ್ತ ಹೋದರೆ ಸಾಯುವ ತನಕ ಕೇಳುತ್ತಿದ್ದೆ. ಯಾವುದರಲ್ಲಿ ಬರೆದರೆ ಹಿರೇಕೆರೂರಿನಲ್ಲಿ ಕೇಳಿಸುತ್ತದೆ ಎಂದು ಕೇಳಿದೆ, ಒಂದೇ ಉತ್ತರ ಬಂತು. ಸಿ ಶಾರ್ಪಿನಲ್ಲಿ ಮೊದಲಿನಿಂದ ಬರೆದೆ. ಅದರ ಕಿಟಕಿ, ಗುಂಡಿ ಎಲ್ಲ ವಿಂಡೋಸಿನವೇ, ಓದುವ ಪ್ರೋಗ್ರಾಮು ಅವುಗಳ ಹೆಸರು ಹಿಡಿದು ಕರೆಯುತ್ತದೆ. ಪೈಥಾನಿನಲ್ಲೂ ಅಂಥ ಬೇರೆ ಸಾಮಾನು ಇದೆಯಂತೆ, ಅದು ಆಮೇಲೆ ತಿಳಿಯಿತು. ಇರಲಿ, ಇನ್ನು ಹಿಂದಿರುಗಿ ನೋಡುವುದಿಲ್ಲ. ಕಾಲೇಜಿನವರ ಭಾಷೆ ಎಂದಿದ್ದೆ, ಅಷ್ಟೇನೂ ಕಚ್ಚಲಿಲ್ಲ. ಟವೆಲ್ಲು ಹೊದಿಸಿಯೇ ಒಂದೊಂದು ಗುಂಡಿ ಕೇಳಿ ತಿದ್ದಿದ್ದೇನೆ. ಬಂದೇಸಾಬ ಕಿಟಕಿಯಲ್ಲಿ ಇಣುಕಿ, "ಯಾಕವಾ, ಕಂಪ್ಯೂಟರಿಗೂ ಬುರ್ಖಾ ಹಾಕ್ಸಿಯೇನ?" ಎಂದ.

ಇನ್ನು ಸೆಲ್ಲು. ಅದು ನನ್ನ ಡ್ರಾವರಿನಲ್ಲಿ ಕಾಗದದಲ್ಲಿ ಸುತ್ತಿ ಬಿದ್ದಿತ್ತು. ಹಾಕಿದರೆ ನಿಲ್ಲುತ್ತದೆ ಎಂದು ನೀವು ಬರೆದಿರಿ, ಅದಕ್ಕೇ ಹಾಕಲಿಲ್ಲ. ಕಾರಣ ತಿಳಿದ ಮೇಲೂ ಬೆಳಗ್ಗೆ ಕರಿ ಪರದೆ ಬಂದ ಕೂಡಲೇ ಅವನು ಕೇಳಲಿ ಎಂದೇ ಕಾಯುತ್ತಿದ್ದೆ. ಆ ಪೆಟ್ಟಿಗೆಯೊಳಗೆ ದಿನವೂ ಅದೇ ದಿನ. ಅಣ್ಣ ಕುರ್ಚಿಯಲ್ಲಿದ್ದಾನೆ, ನೀವು ಪಕ್ಕದಲ್ಲಿದ್ದೀರಿ, ನಿಮಗೆ ಕಣ್ಣು ಕಾಣುತ್ತದೆ. ತಡಸದ ರಸ್ತೆ ಇನ್ನೂ ಬಂದಿಲ್ಲ. ಅದನ್ನು ನನ್ನ ಕೈಯಾರೆ ಮುಂದೆ ತಳ್ಳಲೇ? ಅವ್ವನಿಗೂ ಹೇಳಲಿಲ್ಲ. ಹೇಳಿದರೆ ಅವಳು ಬೆಳಗ್ಗೆ ಎಲ್ಲಿಗೆ ಹೋಗಬೇಕು?

ನಿನ್ನೆ ಬನದ ಹುಣ್ಣಿಮೆ. ಅವ್ವ ಬಂದು ಸ್ಪೀಕರಿನ ಪಕ್ಕ ನಿಂತಳು. ಅಣ್ಣ ಕೇಳಿದ. ಅವ್ವ "ಆತಪ್ಪ" ಅನ್ನಲಿಲ್ಲ. ನನ್ನ ಕಡೆ ತಿರುಗಿದಳು.

"ದಿನಾ ಆತು ಅಂದ್ರೂ ದಿನಾ ಕೇಳ್ತಾನಲ್ಲವಾ. ನನ್ನ ದನಿ ಅಂವಗ ಮುಟ್ಟವಲ್ದೇನು?"

ಇಜಾಜಣ್ಣ, ನಾನು ಯೋಚಿಸಿದ್ದೆಲ್ಲ ಒಂದು, ಅವ್ವ ಹೊತ್ತುಕೊಂಡಿದ್ದು ಇನ್ನೊಂದು. ನಾನು ಅವಳಿಗೆ ಮಗನ ಮಾತು ಉಳಿಸಿಕೊಟ್ಟೆ ಅಂದುಕೊಂಡಿದ್ದೆ. ಅವಳು ದಿನವೂ ಉತ್ತರ ಕೊಟ್ಟು, ಮುಟ್ಟಲಿಲ್ಲ ಎಂದು ಮನೆಗೆ ಹೋಗುತ್ತಿದ್ದಳು. ಕೂರಿಸಿ ಎಲ್ಲ ಹೇಳಿದೆ. ಸೆಲ್ಲು ಸತ್ತದ್ದು, ಗಡಿಯಾರ ಹಿಂದೆ ಹೋಗಿ ನಿಂತದ್ದು, ಅದು ಬರೀ ಆ ಒಂದು ಅಮಾವಾಸ್ಯೆಯಲ್ಲೇ ಇರುವುದು. ಅಳುತ್ತಾಳೆ ಎಂದು ನೀರಿನ ಚರಿಗೆ ಹತ್ತಿರ ಇಟ್ಟುಕೊಂಡಿದ್ದೆ. ಅಳಲಿಲ್ಲ.

"ಅಂದ್ರ ನನ್ನ ಮಗಗ ದಿನಾ ಅಮಾಸಿನ ಮಾಡಿಟ್ಟೇವಲ್ಲವಾ ನಾವು" ಎಂದಳು. "ಇವತ್ತ ಹುಣ್ಣಿವಿ ಐತಿ. ಅಂವನೂ ನೋಡ್ಲಿ."

ಹಳೆಯ ಕಂಪ್ಯೂಟರಿನ ಡಬ್ಬಿ ಬಿಚ್ಚಿ ಸೆಲ್ಲು ಹಾಕಿದೆ. ಅವ್ವ ಟಾರ್ಚು ಹಿಡಿದಳು. ತಾರೀಖು ಸರಿ ಮಾಡಿ ಪ್ರೋಗ್ರಾಮು ತೆರೆದೆ. ನೇರ ತೂಕದ ಪರದೆ ಬಂತು, ಸೊನ್ನೆ ತೋರಿಸುತ್ತ ನಿಂತಿತು. ಯಾರೂ ಏನೂ ಕೇಳಲಿಲ್ಲ. ಹೊರಗೆ ಕಾಟಾದ ಅಂಚಿನಲ್ಲಿ ಬಂದೇಸಾಬ ಲಾರಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಒಳಗಿಂದ ಧ್ವನಿ ಬರಲಿಲ್ಲವಲ್ಲ, ಅವನಿಗೂ ಕಾಟಾ ಹತ್ತಿಸಲು ಮನಸ್ಸು ಬರಲಿಲ್ಲ. ಕಡೆಗೆ ಕ್ಯಾಬಿನ್ನಿನಿಂದ ತಲೆ ಹೊರಗೆ ಹಾಕಿ ತಾನೇ ಕೇಳಿದ.

"ಏನ್ರೀ ಅವ್ವಾರ, ಕಾಟಾದ ಪೂಜಿ ಆತೇನ್ರೀ?"

ಅವ್ವ ಕಿಟಕಿಯ ಸರಳು ಹಿಡಿದು, "ಆತಪ್ಪ. ಹತ್ಸು" ಎಂದಳು. ಅವನು ಹತ್ತಿಸಿದ.

ಹೊಸ ಕಂಪ್ಯೂಟರು ಇವತ್ತಿನಿಂದ ನಡೆಯುತ್ತಿದೆ. ಹಳೆಯದು ಕಪಾಟಿನ ಮೇಲಿದೆ, ಗುಜರಿಗೆ ಕೊಡಬೇಡಿ ಎಂದು ಸಾಹುಕಾರರನ್ನು ಕೇಳಿಕೊಂಡಿದ್ದೇನೆ. ಅಣ್ಣನ ಧ್ವನಿಯ ಫೈಲು ಅದರಲ್ಲೇ ಬಿಟ್ಟೆ, ಎತ್ತಿಕೊಂಡು ಬರಲಿಲ್ಲ.

ಇದರ ಜೊತೆ ಪೆನ್ ಡ್ರೈವ್ ಇದೆ. ಇದೇ ಹದಿನೆಂಟಕ್ಕೆ ಅವರಾತ್ರಿ ಅಮಾವಾಸ್ಯೆ, ಅಂದು ತೆರೆಯಿರಿ. ನಿಮ್ಮ ತಗಡಿನ ಡಬ್ಬಿಯ ಧ್ವನಿಯಲ್ಲಿ ಅದು ನಿಮ್ಮನ್ನು ಕೇಳುತ್ತದೆ. ನಿಮ್ಮ ಮನೆಯಲ್ಲಿ ಕಾಟಾ ಇಲ್ಲ, ನನಗೆ ಗೊತ್ತು. ಆದರೂ 'ಆತು' ಒತ್ತಿ. ಒತ್ತದಿದ್ದರೆ ಮುಂದೆ ಹೋಗುವುದಿಲ್ಲ.

ವಾಣಿಶ್ರೀ